ಹಬೆಯ ಹಬ್ಬಕ್ಕೆ ಹೊರಟವರಿಗೆ ಕಿವಿಮಾತು

ಮಗೂ, ಓದಿಗೋ ಕೆಲಸಕ್ಕೋ ರೀಗಾ, ವಿಲ್ನಿಯಸ್, ತಾಲಿನ್ ಕಡೆ ಹೋಗಿ ನೆಲೆಸಿದ ಮೇಲೆ ಇವತ್ತಲ್ಲ ನಾಳೆ ನಿನಗೂ ಹಬೆಯ ಹಬ್ಬಕ್ಕೆ ಕರೆ ಬರುತ್ತದೆ. ಕೆರೆಯ ದಂಡೆಯಲ್ಲಿ ಸಾಲಾಗಿ ಮರದ ಸ್ನಾನದ ಮನೆಗಳು, ಗಾಡಿಯ ಮೇಲೆ ಕಟ್ಟಿದವು ಕೆಲವು, ಡೇರೆಯೊಳಗಿನವು ಕೆಲವು. ಒಳಗೆ ಕಾದ ಕಲ್ಲು, ಕಲ್ಲಿನ ಮೇಲೆ ನೀರು, ಹಬೆಯಲ್ಲಿ ಮಲಗಿದವರ ಮೈಮೇಲೆ ಹಸಿರು ಸೊಪ್ಪಿನ ಕಟ್ಟು ಬೀಸುವವರ ಸ್ಪರ್ಧೆ. ತಪ್ಪದೆ ಹೋಗು. ಹೋಗುವ ಮುಂಚೆ ಈ ಹಿರಿಯಳ ನಾಲ್ಕು ಮಾತು ಕೇಳಿಸಿಕೋ.

- ಶಾಖ ತಡೆದುಕೊಳ್ಳುವ ಪೈಪೋಟಿಗೆ ಮಾತ್ರ ಇಳಿಯಬೇಡ. ಫಿನ್ಲೆಂಡಿನ ಹೆಯ್ನೋಲಾ ಪಟ್ಟಣದಲ್ಲಿ 1999ರಿಂದ ಅಂಥದ್ದೊಂದು ವಿಶ್ವ ಸ್ಪರ್ಧೆ ನಡೆಯುತ್ತಿತ್ತು. 110 ಡಿಗ್ರಿ ಸೆಲ್ಸಿಯಸ್ ಶಾಖ, ಅರ್ಧ ನಿಮಿಷಕ್ಕೊಮ್ಮೆ ಕಲ್ಲಿಗೆ ನೀರು, ಕೊನೆಯವರೆಗೆ ಕೂತವನೇ ಗೆದ್ದಂತೆ. 2010ರ ಅಂತಿಮ ಸುತ್ತಿನಲ್ಲಿ ಒಬ್ಬ ಸ್ಪರ್ಧಿ ಸತ್ತ, ಇನ್ನೊಬ್ಬ ಮೈಯೆಲ್ಲ ಸುಟ್ಟುಕೊಂಡು ಆಸ್ಪತ್ರೆ ಸೇರಿದ. ಸ್ಪರ್ಧೆ ಅಲ್ಲಿಗೇ ನಿಂತುಹೋಯಿತು. ಸೊಪ್ಪು ಬೀಸುವ ಸ್ಪರ್ಧೆ ಅದಕ್ಕೆ ತದ್ವಿರುದ್ಧ. ಇಲ್ಲಿ ಮೇಲುಗೈ ಮಲಗಿದವರ ಮೈಗೆ ಹಿತವಾಗುವಷ್ಟೇ ಶಾಖ ಕೊಡಬಲ್ಲವರದು. ಈ ವ್ಯತ್ಯಾಸ ಮನಸ್ಸಿನಲ್ಲಿ ಇಳಿದರೆ ಉಳಿದದ್ದೆಲ್ಲ ತಾನಾಗಿ ಬರುತ್ತದೆ.

- ಹೃದಯದ ತೊಂದರೆ, ರಕ್ತದೊತ್ತಡದ ಮಾತ್ರೆ, ಬಸಿರು, ಜ್ವರ, ಮಾಯದ ಗಾಯ, ಇವುಗಳಲ್ಲಿ ಯಾವುದಿದ್ದರೂ ಮೊದಲು ವೈದ್ಯರನ್ನು ಕೇಳು. ವಸಂತದಲ್ಲಿ ಬರ್ಚ್ ಮರದ ಪರಾಗದಿಂದ ನಿನಗೆ ಸೀನು, ಕಣ್ಣುರಿ ಬರುತ್ತಿದ್ದರೆ ಬರ್ಚ್ ಸೊಪ್ಪು ಬೇಡವೆಂದು ಮುಂಚೆಯೇ ಹೇಳು. ಓಕ್ ಇದೆ, ಲಿಂಡನ್ ಇದೆ, ಮೇಪಲ್ ಇದೆ.

- ಎಣ್ಣೆಸ್ನಾನದ ಅಭ್ಯಾಸದಲ್ಲಿ ಮೈಗೆ ಕೊಬ್ಬರಿ ಎಣ್ಣೆ ತಿಕ್ಕಿಕೊಂಡು ಹೋಗಬೇಡ. ಎಣ್ಣೆ ಸೋರಿದ ಹಲಗೆ ಜಾರುತ್ತದೆ, ನಿನ್ನ ನಂತರ ಬಂದವರು ಬೀಳುತ್ತಾರೆ. ಸೋಪು ಹಚ್ಚಿ ಮಿಂದು, ಮೈ ಒರೆಸಿಕೊಂಡೇ ಒಳಗೆ ಹೋಗುವುದು ಅಲ್ಲಿಯ ಪದ್ಧತಿ. ಸರ, ಬಳೆ, ಓಲೆ, ಉಂಗುರ, ಕೈಗಡಿಯಾರ ಎಲ್ಲ ತೆಗೆದಿಡು, ಲೋಹ ಕಾದು ಚರ್ಮ ಸುಡುತ್ತದೆ. ತಾಳಿ ತೆಗೆಯಲು ಮನಸ್ಸು ಬಾರದಿದ್ದರೆ ಆ ದಿನದ ಮಟ್ಟಿಗೆ ದಾರಕ್ಕೆ ಅರಿಶಿನದ ಕೊಂಬು ಕಟ್ಟಿಕೋ. ಕಾಂಟ್ಯಾಕ್ಟ್ ಲೆನ್ಸ್ ಕೂಡ ಹೊರಗಿರಲಿ.

- ಬಟ್ಟೆಯ ವಿಷಯದಲ್ಲಿ ನಾಚಿಕೆಯಿಂದ ಸುಮ್ಮನಿರಬೇಡ, ನೇರ ಕೇಳು. ಮನೆಮಂದಿಯ ಸ್ನಾನದಲ್ಲಿ ಬೆತ್ತಲೆ ಇರುವುದು ಅಲ್ಲಿಯವರಿಗೆ ಸಹಜ. ಗಂಡು ಹೆಣ್ಣು ಸೇರುವ ಹಬ್ಬಗಳಲ್ಲಿ ಈಜುಡುಗೆಯೋ ಸುತ್ತಿಕೊಳ್ಳುವ ನಾರುಬಟ್ಟೆಯೋ ನಡೆಯುವುದುಂಟು. ನಿನಗೆ ಒಗ್ಗದ್ದನ್ನು ‘ಬೇಡ’ ಎಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ತಲೆಗೆ ಮಾತ್ರ ಉಣ್ಣೆಯ ಟೋಪಿ ಬೇಕೇ ಬೇಕು. ಅದು ತಲೆಯನ್ನು ಶಾಖದಿಂದ ಕಾಯುತ್ತದೆ.

- ಈ ಸ್ನಾನದ ಮನೆಗಳಲ್ಲಿ ಫಿನ್ಲೆಂಡಿನ ಸೌನಾ 80ರಿಂದ 100 ಡಿಗ್ರಿವರೆಗೆ ಕಾದು ಒಣಗಿರುತ್ತದೆ. ಲಾಟ್ವಿಯಾದ ಪಿರ್ತ್ಸ್, ಲಿಥುವೇನಿಯಾದ ಪಿರ್ತಿಸ್ 60ರ ಆಸುಪಾಸು, ಆದರೆ ತೇವ ಬಹಳ. ‘60 ತಾನೇ’ ಎಂದು ಹಗುರ ಮಾಡಬೇಡ. ಹಬೆ ಮೈಮೇಲೆ ನೀರಾಗುವಾಗ ಒಳಗಿಟ್ಟುಕೊಂಡ ಶಾಖವನ್ನೆಲ್ಲ ಚರ್ಮಕ್ಕೆ ಬಿಟ್ಟುಕೊಡುತ್ತದೆ, ಅಷ್ಟು ತೇವದಲ್ಲಿ ಬೆವರೂ ಆರುವುದಿಲ್ಲ. ಹೊಸಬರು ಕೆಳಗಿನ ಹಲಗೆಯಲ್ಲಿ ಕೂರಬೇಕು.

- ಎಸ್ಟೋನಿಯಾದ ದಕ್ಷಿಣಕ್ಕೆ ವೊರೊಮಾ ಸೀಮೆಗೆ ಹೋದರೆ ಹೊಗೆ ಸೌನಾ ಬಿಡಬೇಡ. ಹೊಗೆಕೊಳವೆ ಇಲ್ಲದ ಮನೆ. ಗಂಟೆಗಟ್ಟಲೆ ಸೌದೆ ಉರಿಸಿ, ಕಲ್ಲು ಕಾದ ಮೇಲೆ ಹೊಗೆ ಹೊರಗೆ ಬಿಟ್ಟು, ಆಮೇಲೆ ಸ್ನಾನ. ಯುನೆಸ್ಕೋ ಈ ಪದ್ಧತಿಯನ್ನು 2014ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಗೋಡೆಯ ಮಸಿ ಮೈಗೆ ಹತ್ತುತ್ತದೆ, ಒರಗಬೇಡ. ಅಲ್ಲಿಯವರ ಅಜ್ಜಿಯರು ಹೆತ್ತದ್ದು ಇಂಥ ಮನೆಯೊಳಗೆ, ತೀರಿಕೊಂಡವರನ್ನು ಕೊನೆಯ ಸಲ ತೊಳೆದದ್ದೂ ಇಲ್ಲೇ. ಹಾಗಾಗಿ ಒಳಗೆ ಗಲಾಟೆ, ಜಗಳ, ಫೋನು ಯಾವುದೂ ಬೇಡ. ಹಬ್ಬದ ಗದ್ದಲದಲ್ಲೂ ಈ ಗೌರವ ಬಿಡಬಾರದು.

- ಸೊಪ್ಪಿನ ಕಟ್ಟನ್ನು ಲಾಟ್ವಿಯಾದವರು ಸ್ಲುವೊತಾ ಎನ್ನುತ್ತಾರೆ. ಅದನ್ನು ನೀನೇ ಕಟ್ಟಲು ಕಲಿ. ಬರ್ಚ್ ಸೊಪ್ಪು ಕೊಯ್ಯುವುದಕ್ಕೆ ಒಳ್ಳೆಯ ಕಾಲ ಜೂನ್ ಕೊನೆ, ಯೋಹಾನನ ಹಬ್ಬದ ಆಚೀಚೆ. ಅದಕ್ಕೂ ಮುಂಚೆ ಎಲೆ ಎಳಸು, ಬೇಸಿಗೆ ಕಳೆದರೆ ಉದುರಲು ತೊಡಗುತ್ತದೆ. ಮಳೆ ನೆನೆದ ಕೊಂಬೆ ಬೇಡ, ಒಣಗಿಸುವಾಗ ಕಪ್ಪಾಗುತ್ತದೆ. ಮೊಳದುದ್ದದ ಬಳುಕುವ ರೆಂಬೆಗಳನ್ನು ಆರಿಸಿ, ಎಲೆಯ ಹೊಳಪಿನ ಮುಖ ಹೊರಗೆ ಬರುವಂತೆ ಜೋಡಿಸಿ, ಹಿಡಿಯ ಭಾಗದ ಎಲೆ ಸವರಿ, ಎರಡು ಕಡೆ ಬಿಗಿಯಾಗಿ ಕಟ್ಟು. ನೆರಳಲ್ಲಿ ತೂಗುಹಾಕಿ ಒಣಗಿಸಿದ್ದು ಚಳಿಗಾಲಕ್ಕೂ ಒದಗುತ್ತದೆ. ಬಳಸುವ ಮುನ್ನ ಬೆಚ್ಚಗಿನ ನೀರಿನಲ್ಲಿ ನೆನೆಸಿದರೆ ಎಲೆ ಮತ್ತೆ ಮೆತ್ತಗಾಗಿ ಇಡೀ ಮನೆ ಘಮಘಮಿಸುತ್ತದೆ. ಒಂದು ಎಚ್ಚರಿಕೆ: ಕಾಡಿನಲ್ಲಿ ಹಣ್ಣು ಅಣಬೆ ಆಯಲು ಫಿನ್ಲೆಂಡಿನಲ್ಲಿ ಎಲ್ಲರಿಗೂ ಹಕ್ಕಿದೆ, ಆದರೆ ಕೊಂಬೆ ಕಡಿಯಲು ಜಮೀನಿನವರ ಅಪ್ಪಣೆ ಬೇಕು. ಎಲ್ಲಿದ್ದರೂ ಕೇಳಿಯೇ ಕೊಯ್ಯಿ.

- ಜೂನಿಪರ್ ಕಟ್ಟು ಮುಳ್ಳುಮುಳ್ಳು. ಪಳಗಿದ ಕೈ ಬೀಸಿದರೆ ಸೊಗಸು, ನೀನು ಸದ್ಯಕ್ಕೆ ಮುಟ್ಟಬೇಡ.

- ಬೀಸುವುದು ಎಂದರೆ ಹೊಡೆಯುವುದಲ್ಲ. ಮೊದಲು ಕೈಗೊಂದರಂತೆ ಎರಡು ಕಟ್ಟನ್ನು ಮೇಲೆತ್ತಿ, ಸೂರಿನ ಕೆಳಗೆ ನಿಂತ ಹಬೆಯನ್ನು ಎಲೆಗಳಲ್ಲಿ ಹಿಡಿದು ಕೆಳಗೆ ತಾ. ಮೈ ಮುಟ್ಟದೆ, ಅಂಗಾಲಿನಿಂದ ಹೆಗಲವರೆಗೆ ಆ ಬಿಸಿಗಾಳಿ ಹಾಯಿಸು. ಆಮೇಲೆ ಎಲೆಯ ತುದಿ ಮಾತ್ರ ತಾಗಲಿ. ಆಮೇಲೆ ಹಗುರಾಗಿ ತಟ್ಟು. ಕೊನೆಗೆ ಬಿಸಿಯಾದ ಎರಡೂ ಕಟ್ಟುಗಳನ್ನು ಸೊಂಟದ ಮೇಲೋ ಅಂಗಾಲಿಗೋ ಇಟ್ಟು, ಅಂಗೈಯಿಂದ ಒತ್ತಿ ಕ್ಷಣ ಹೊತ್ತು ಹಿಡಿ. ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಈ ಅಂಗಾಲಿನ ಒತ್ತು, ದಣಿದವರು ಅಲ್ಲೇ ನಿದ್ದೆಹೋಗುತ್ತಾರೆ. ಬಲ ಮಣಿಕಟ್ಟಿನಲ್ಲಿರಲಿ, ಹೆಗಲಿನಲ್ಲಿ ಬೇಡ. ಮುಖದ ಬಳಿ ತಣ್ಣೀರಿನಲ್ಲಿ ಅದ್ದಿದ ಕಟ್ಟಿಟ್ಟರೆ ಮಲಗಿದವರಿಗೆ ಉಸಿರಾಟ ಸಲೀಸು. ಗಾಯ, ಬಿಸಿಲಿಗೆ ಬೆಂದ ಚರ್ಮ, ಎದೆ, ಹೊಟ್ಟೆ ಇವುಗಳ ಮೇಲೆ ತಟ್ಟಬೇಡ. ನಿನ್ನ ಕಣ್ಣು ಮಲಗಿದವರ ಉಸಿರಿನ ಮೇಲಿರಬೇಕು. ಉಸಿರು ಮೇಲುಮೇಲಾದರೆ, ಅಷ್ಟು ಬಿಸಿಯಲ್ಲೂ ಮೈ ಜುಮ್ಮೆಂದು ರೋಮ ನಿಮಿರಿದರೆ ತಕ್ಷಣ ನಿಲ್ಲಿಸಿ ಹೊರಗೆ ಕರೆದುಕೊಂಡು ಬಾ. ತೀರ್ಪುಗಾರರು ಏನಾದರೂ ಅಂದುಕೊಳ್ಳಲಿ.

- ಸ್ಪರ್ಧೆಯ ನಿಯಮ ಊರಿಗೊಂದು. ಮುಂಚೆಯೇ ಓದಿಕೋ. ಆದರೆ ಹಾಡು, ವೇಷ, ಕಸರತ್ತು ನೋಡಿ ಮರುಳಾಗಬೇಡ. ಹೊರಗಿನಿಂದ ನೋಡುವವರಿಗೆ ಅದು ಚಂದ, ಹಲಗೆಯ ಮೇಲೆ ಮಲಗಿದವರಿಗೆ ಗೊತ್ತಾಗುವುದು ಶಾಖ ಎಷ್ಟು ಸಮವಾಗಿ ಬಂತು, ಕೈ ಎಷ್ಟು ಮೃದುವಾಗಿತ್ತು ಎಂಬುದೇ. ಬೀಸುವವರಿಗೇ ಹೆಚ್ಚು ದಣಿವು. ನಿಂತು ಕೆಲಸ ಮಾಡುವ ತಲೆ ಸೂರಿಗೆ ಹತ್ತಿರವಿರುತ್ತದೆ. ನಡುನಡುವೆ ನೀರು ಕುಡಿ, ತಲೆಗೆ ತಣ್ಣೀರು ಹಾಕಿಕೋ.

- ಹಬೆ ಮುಗಿದ ಕೂಡಲೆ ಕೆರೆಗೆ ಧುಮುಕಬೇಡ. ಹಲಗೆಯ ಮೇಲೆ ಮೆಲ್ಲಗೆ ಎದ್ದು ಕೂತು, ಕಾಲು ಇಳಿಬಿಟ್ಟು ಸುಧಾರಿಸಿಕೊಂಡು, ಆಮೇಲೆ ಹೊರಬಂದು ಏಣಿ ಹಿಡಿದು ನೀರಿಗೆ ಇಳಿ. ತಣ್ಣೀರು ಉಸಿರನ್ನು ಕಟ್ಟಿಹಾಕುತ್ತದೆ. ಈಜು ಬಂದರೂ ಒಬ್ಬಂಟಿಯಾಗಿ ಇಳಿಯಬೇಡ. ಬಿಯರ್ ಕೈಗೆ ಕೊಡುವವರು ಸಿಗುತ್ತಾರೆ. ಸ್ನಾನದ ಸರದಿ ಪೂರ್ತಿ ಮುಗಿಯುವವರೆಗೆ ನೀರು, ಗಿಡಮೂಲಿಕೆಯ ಚಹಾ ಅಷ್ಟೇ ಸಾಕು.

- ಊಟ ಸ್ನಾನಕ್ಕೆ ಎರಡು ಗಂಟೆ ಮುಂಚೆ, ಹಗುರವಾಗಿ. ಲಿಥುವೇನಿಯಾದಲ್ಲಿ ಬೀಟ್ರೂಟಿನ ತಣ್ಣನೆಯ ಗುಲಾಬಿ ಸಾರು ಕೊಡುತ್ತಾರೆ, ನಮ್ಮ ನಾಲಿಗೆಗೆ ಹಿಡಿಸುತ್ತದೆ. ಮೊಟ್ಟೆ ಹಾಕಿರುತ್ತಾರೆ, ತಿನ್ನದಿದ್ದರೆ ಕೇಳಿಕೋ.

- ಈ ಸಲ ಹೆಸರು ಕೊಡುವಾಗ ಬೀಸುವವರ ಪಟ್ಟಿಯಲ್ಲಿ ಬೇಡ, ಮಲಗುವವರ ಪಟ್ಟಿಯಲ್ಲಿ ಕೊಡು. ಬೇರೆ ಬೇರೆ ಕೈಗಳ ಕೆಳಗೆ ಮಲಗಿ, ಯಾವುದು ಹಿತ ಯಾವುದು ಹಿಂಸೆ ಎಂದು ನಿನ್ನ ಮೈಯೇ ಕಲಿಯಲಿ. ಕಲಿಸಿಕೊಡುವ ಪಿರ್ತ್ನಿಯೆಕ್ಸ್ (ಲಾಟ್ವಿಯಾದ ಸ್ನಾನದ ಗುರು) ಒಬ್ಬರ ಬಳಿ ಒಂದು ವರ್ಷ ಶಿಷ್ಯತ್ವ ಮಾಡು. ಸ್ಪರ್ಧೆಯ ಮಾತು ಆಮೇಲೆ.