ಹೊಸ್ತಿಲಿನಾಚೆಯ ಖರ್ಚು

ನಮ್ಮ ಮಡಕಶಿರದ ಕಡೆ ಮನೆ ಕಟ್ಟಿಸುವವರ ಲೆಕ್ಕಪುಸ್ತಕವು ಸಾಮಾನ್ಯವಾಗಿ ಹೊಸ್ತಿಲಿನಲ್ಲಿಯೇ ಮುಗಿದುಹೋಗುವುದು. ಪಾಯ, ಗೋಡೆ, ತಾರಸಿ, ಬಾಗಿಲು, ಬಣ್ಣವೆಂದು ಒಂದೊಂದು ಬಾಬಿಗೂ ಎಣಿಸಿ ಎಣಿಸಿ ವ್ಯಯಮಾಡಿದ ಗೃಹಸ್ಥನು, ಗೃಹಪ್ರವೇಶದ ಮುಹೂರ್ತವು ಸಮೀಪಿಸಿದಾಗ, ಹೊರಗಿನ ಮೆಟ್ಟಿಲನ್ನು ಮಿಕ್ಕ ಇಟ್ಟಿಗೆಚೂರು, ಮಿಕ್ಕ ಸಿಮೆಂಟು, ಮಿಕ್ಕ ಸಹನೆ ಇವುಗಳಿಂದಲೇ ತೀರಿಸಿಬಿಡುವನು. ಹೀಗೆ ಕಟ್ಟಿದ ಮೆಟ್ಟಿಲು ಕೆಲವು ಮಳೆಗಾಲಗಳೊಳಗೆ ಗೋಡೆಯಿಂದ ಬಿರುಕುಬಿಟ್ಟು ಸರಿಯುವುದೂ, ಅದನ್ನೊಡೆದು ಮತ್ತೆ ಕಟ್ಟಿಸುವುದೂ ಅಷ್ಟೇ ಸಾಮಾನ್ಯವಾದುದು.

ನಮ್ಮ ಮನೆಯ ಮುಂದೆ ಪೇವರ್ ಮೆಟ್ಟಿಲನ್ನು ಹಾಕಿಸಬೇಕೆಂಬ ಯೋಚನೆ ಹುಟ್ಟಿದುದು ತಾಯಿಯವರ ಮೊಣಕಾಲುನೋವಿನಿಂದ. ಇಬ್ಬರು ಮೇಸ್ತ್ರಿಗಳನ್ನು ಕರೆಸಿ ಅಂದಾಜು ಕೇಳಿದೆನು. ಒಬ್ಬನು ನೆಲವನ್ನು ಕಣ್ಣಳತೆಯಲ್ಲಿಯೇ ನೋಡಿ, ಚದರಡಿಗೆ ಇಷ್ಟೆಂದು ಒಂದೇ ಮಾತಿನಲ್ಲಿ ಹೇಳಿದನು. ಮತ್ತೊಬ್ಬನು ಗಡಾರಿಯಿಂದ ಗೋಡೆಯ ಬುಡದ ಮಣ್ಣನ್ನು ಕೆದಕಿ, ಅಂಗೈಯಲ್ಲಿಟ್ಟು ಹಿಸುಕಿ, ಅಗೆತ, ಜಲ್ಲಿ, ಅಂಚುಗಲ್ಲು, ಪೇವರ್, ಕೂಲಿ ಎಂದು ಬೇರೆಬೇರೆಯಾಗಿ ಬರೆಸಿದನು. ಎರಡನೆಯವನ ಮೊತ್ತ ಹೆಚ್ಚಾಗಿದ್ದಿತು. ಮೊದಲನೆಯವನನ್ನು ಒಳಗೆ ಏನು ತುಂಬುವೆಯೆಂದು ಕೇಳಿದಾಗ, “ಒಳಗಿರೋದು ಯಾರಿಗೆ ಕಾಣ್ತದೆ ಸ್ವಾಮಿ?” ಎಂದು ನಕ್ಕನು. ಆ ನಗೆಯಲ್ಲಿಯೇ ನನಗೆ ಬೇಕಾದ ಲೆಕ್ಕವೆಲ್ಲವೂ ಅಡಗಿದ್ದಿತು.

ಅಂಗಳಕ್ಕಿಂತ ಹೊಸ್ತಿಲು ಎರಡಡಿ ಎತ್ತರವಿದೆಯೆಂದಿಟ್ಟುಕೊಳ್ಳೋಣ. ಆರಂಗುಲದ ನಾಲ್ಕು ಏರಿಕೆ. ಕೆಳಗಿನ ಎರಡು ಮೆಟ್ಟಿಲಿಗೆ ಒಂದೊಂದಡಿ ತುಳಿಜಾಗ. ಹೊಸ್ತಿಲಿಗಿಂತ ಆರಂಗುಲ ಕೆಳಗೆ ಮೂರಡಿಯ ಜಗಲಿ. ಎಲ್ಲಕ್ಕೂ ಐದಡಿ ಅಗಲ. ಎರಡು ಏರಿಕೆ ಮತ್ತು ಒಂದು ತುಳಿಜಾಗ ಕೂಡಿ 24 ಅಂಗುಲವಾದರೆ ಕಾಲಿಗೆ ಹಿತವೆಂಬ ಹಳೆಯ ಸೂತ್ರಕ್ಕೂ ಈ ಅಳತೆ ಒಪ್ಪುವುದು. ಮೇಲಿನಿಂದ ನೋಡಿದರೆ ಇದು ಕೇವಲ 25 ಚದರಡಿ. ಆದರೆ ನೆಲದಿಂದ ಕೆಳಗೆ ಅರ್ಧ ಅಡಿ ಅಗೆದು ತುಂಬುವುದನ್ನೂ ಸೇರಿಸಿದರೆ ಒಟ್ಟು ಗಾತ್ರವು ನಲವತ್ತೆರಡೂವರೆ ಘನ ಅಡಿ. ಅದರಲ್ಲಿ 60 ಮಿಲಿಮೀಟರ್ ದಪ್ಪದ ಪೇವರಿನ ಪಾಲು ಐದು ಘನ ಅಡಿ ಮಾತ್ರ. ಉಳಿದ ಮೂವತ್ತೇಳೂವರೆ ಘನ ಅಡಿಯನ್ನು ಚದರಡಿಯ ದರ ಹೇಳುವವನು ಲೆಕ್ಕಕ್ಕೆ ತರುವುದಿಲ್ಲ. ಅಲ್ಲಿ ಜಲ್ಲಿಗೆ ಬದಲಾಗಿ ಅಂಗಳದ ಕೆಮ್ಮಣ್ಣನ್ನು ಸುರಿದಷ್ಟೂ ಅವನಿಗೆ ಲಾಭ, ನಮಗೆ ಸಾಲ.

ಅದಕ್ಕೆ ಕಾರಣವೂ ಸ್ಪಷ್ಟವಾಗಿದೆ. ಪಾಯ ತೋಡಿದಾಗ ಎತ್ತಿದ ಮಣ್ಣನ್ನೇ ಗೋಡೆಯ ಪಕ್ಕಕ್ಕೆ ಸಡಿಲವಾಗಿ ತಳ್ಳಿರುತ್ತಾರೆ. ಮೆಟ್ಟಿಲು ಕೂರುವುದು ಆ ಮಣ್ಣಿನ ಮೇಲೆಯೇ. ಆದಕಾರಣ ಅದನ್ನು ತೆಗೆದು, ಜಲ್ಲಿ ಮತ್ತು ಕ್ರಷರ್ ಪುಡಿಯನ್ನು ನಾಲ್ಕು ನಾಲ್ಕಂಗುಲದ ಪದರವಾಗಿ ಹರವಿ, ನೀರು ಚಿಮುಕಿಸಿ, ಪ್ರತಿಯೊಂದು ಪದರಕ್ಕೂ ದಮ್ಮಸು ಹೊಡೆಯಿಸತಕ್ಕದ್ದು. ಗೋಡೆಗೂ ಮೆಟ್ಟಿಲಿಗೂ ನಡುವೆ ಅರ್ಧ ಅಂಗುಲದ ಸಂದು ಬಿಟ್ಟು ಥರ್ಮೋಕೋಲ್ ಹಾಳೆಯನ್ನಿಟ್ಟರೆ, ಒಂದು ಕುಸಿದರೂ ಮತ್ತೊಂದನ್ನು ಎಳೆಯದು. ಜಗಲಿಯು ಗೋಡೆಯಿಂದಾಚೆಗೆ, ಮೂರಡಿಗೆ ಮುಕ್ಕಾಲಂಗುಲದಂತೆ, ಇಳಿಜಾರಾಗಿರಬೇಕು. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆಯ ಬರದ ಸೀಮೆಯಲ್ಲಿ ಇಷ್ಟೇಕೆಂದು ಕೇಳುವವರುಂಟು. ಆದರೆ ಒಂದು ರಾತ್ರಿ 50 ಮಿಲಿಮೀಟರ್ ಸುರಿದರೆ 40 ಚದರ ಮೀಟರಿನ ತಾರಸಿಯಿಂದ ಇಳಿಯುವ ನೀರು ಎರಡು ಸಾವಿರ ಲೀಟರು, ಮತ್ತು ಆ ನೀರನ್ನು ಇಳಿಸುವ ಕೊಳವೆಯ ಬಾಯಿ ಬಹುಮಟ್ಟಿಗೆ ಮೆಟ್ಟಿಲಿನ ಪಕ್ಕದಲ್ಲಿಯೇ ಇರುವುದು.

ಮೆಟ್ಟಿಲಿನ ಮುಖಕ್ಕೆ ಊರಿನ ಸೈಜುಗಲ್ಲನ್ನು ಕಾಂಕ್ರೀಟಿನಲ್ಲಿ ಭದ್ರವಾಗಿ ನಿಲ್ಲಿಸಿ, ಮೇಲಿನ ಪೇವರುಗಳನ್ನು ಗಾರೆಯಿಲ್ಲದೆ ಮರಳಿನ ಮೇಲೆ ಕೂರಿಸುವುದನ್ನು ನಾನು ಆರಿಸಿಕೊಂಡುದು ಶುದ್ಧ ಹಣಕಾಸಿನ ವಿವೇಚನೆಯಿಂದ. ಎರಕದ ಕಾಂಕ್ರೀಟು ಬಿರಿದರೆ ಅದು ಸಾಗಿಸುವುದಕ್ಕೂ ಕೂಲಿ ಕೇಳುವ ಕಸ. ಪೇವರು ಕುಸಿದರೆ ಎತ್ತಿ, ಮಟ್ಟಮಾಡಿ, ಅದನ್ನೇ ಮತ್ತೆ ಇಡಬಹುದು. ನಮ್ಮ ನೆರೆಯ ಹೇಮಾವತಿಯು ನೊಳಂಬರ ರಾಜಧಾನಿಯಾಗಿದ್ದಿತು. ಆ ನೊಳಂಬಶೈಲಿಯ ಕಂಬಗಳನ್ನು ವಿದ್ವಾಂಸರು ಕಾವೇರಿತೀರದ ತಿರುವಯ್ಯಾರಿನ ದೇವಾಲಯದಲ್ಲಿ ಗುರುತಿಸಿ, ಚೋಳರು ಅವನ್ನು ಇತ್ತಕಡೆಯಿಂದ ಸಾಗಿಸಿರಬೇಕೆಂದು ಹೇಳಿದ್ದಾರೆ. ಬಿಚ್ಚಿ ಮತ್ತೆ ನಿಲ್ಲಿಸಬಹುದಾದ ವಸ್ತುವಿಗೆ ಬೆಲೆಯು ಉಳಿದಿರುತ್ತದೆಂಬುದು ಗೆದ್ದ ಅರಸರಿಗೂ ತಿಳಿದಿದ್ದ ಸಂಗತಿ.

2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿ.ಎಸ್.ಟಿ. ಶೇಕಡ 28ರಿಂದ 18ಕ್ಕೆ ಇಳಿದಿದೆ. ತೆರಿಗೆಯನ್ನು ಬಿಟ್ಟು 300 ರೂಪಾಯಿಯ ಚೀಲವೊಂದಕ್ಕೆ ಇದರಿಂದ 30 ರೂಪಾಯಿ ಉಳಿಯುವುದು. ಕೆಲವೇ ಚೀಲ ಹಿಡಿಯುವ ಕೆಲಸದಲ್ಲಿ ಈ ಉಳಿತಾಯವು ಮರುಕೆಲಸದ ಒಂದು ದಿನದ ಕೂಲಿಗೂ ಸಮನಾಗಲಾರದು. ಸಾಗಣೆಯ ಬಾಡಿಗೆಯ ವಿಷಯದಲ್ಲಿ ಉಳಿತಾಯಕ್ಕೆ ಅವಕಾಶವಿದೆ. 25 ಚದರಡಿ ಪೇವರಿನ ತೂಕ ಸುಮಾರು 330 ಕಿಲೋ. ಹಿಂದೂಪುರದಿಂದ ಗೂಡ್ಸ್ ಆಟೋ ಹೇಗಿದ್ದರೂ ಬರಬೇಕಾದುದರಿಂದ, ಹತ್ತರಲ್ಲೊಂದು ಪಾಲು ಹೆಚ್ಚಾಗಿ ತರಿಸಿ ಹಿತ್ತಿಲಿನಲ್ಲಿಟ್ಟುಕೊಳ್ಳುವುದು ಲೇಸು. ಮುಂದೆ ಅದೇ ಬಣ್ಣ, ಅದೇ ಅಚ್ಚು ದೊರೆಯುವುದೆಂಬ ಭರವಸೆಯಿಲ್ಲ.

ಕೂಲಿಯ ಹಣವನ್ನು ನಾನು ಕೆಲಸದ ಹಂತಕ್ಕೆ ಕಟ್ಟಿದೆನು: ಅಗೆತ ಮುಗಿದಾಗ ಒಂದು ಪಾಲು, ದಮ್ಮಸು ಹೊಡೆದ ಮೇಲೆ, ಪೇವರು ಹಾಸುವುದಕ್ಕೆ ಮುಂಚೆ, ಎದುರಿನಲ್ಲಿಯೇ ರಸಮಟ್ಟವಿಟ್ಟು ನೋಡಿ ದೊಡ್ಡ ಪಾಲು, ಕೊನೆಯ ಪಾಲು ಒಂದು ಒಳ್ಳೆಯ ಮಳೆ ಕಳೆದ ನಂತರ. ಎರಡನೆಯ ಮೇಸ್ತ್ರಿಯು ಇದಕ್ಕೆ ಮರುಮಾತಿಲ್ಲದೆ ಒಪ್ಪಿದುದೇ ಅವನ ಅಂದಾಜು ಪ್ರಾಮಾಣಿಕವಾದುದೆಂಬುದಕ್ಕೆ ಸಾಕ್ಷಿಯಾಯಿತು.

ಹಣವು ಸಾಲದೆಂದು ಕಂಡರೆ ಐದಡಿಯ ಅಗಲವನ್ನು ನಾಲ್ಕಕ್ಕೆ ಇಳಿಸಿರಿ. ಪೇವರಿನಲ್ಲಿಯೂ ಜಲ್ಲಿಯಲ್ಲಿಯೂ ಹೆಚ್ಚುಕಡಮೆ ಐದರಲ್ಲೊಂದು ಪಾಲು ಉಳಿಯುವುದು. ಆಳವನ್ನು ಮಾತ್ರ ಒಂದಂಗುಲವೂ ಕಡಮೆಮಾಡಬೇಡಿರಿ. ಅಲ್ಲಿ ಉಳಿಸಿದ ಹಣವನ್ನು ಮೆಟ್ಟಿಲು ಬಡ್ಡಿಸಮೇತ ವಸೂಲುಮಾಡಿಕೊಳ್ಳುವುದು.