ನಿಂತ ಗಂಟೆಗಳ ಲೆಕ್ಕ

ಮಗಳೇ,

ಕಂಟೈನರ್ ಡಿಪೊದಲ್ಲಿ ಕೆಲಸ ಸಿಕ್ಕಿತೆಂದು ನಿಮ್ಮಮ್ಮ ಫೋನಿನಲ್ಲಿ ಹೇಳಿದಳು. ಸಂತೋಷ ಕಣಮ್ಮ. ಮ್ಯಾನೇಜ್‌ಮೆಂಟ್ ಓದಿದವಳು ನೀನು, ನಿನಗೆ ನಾನೇನು ಹೇಳಿಕೊಡಲಿ ಅಂತ ಸುಮ್ಮನಿದ್ದೆ. ಆದರೆ ಮೊನ್ನೆ ಹಬ್ಬದ ಊಟಕ್ಕೆ ಕೂತಾಗ ನೀನು "ಗೂಡ್ಸ್ ರೈಲಿನ ವೇಗ ಹೆಚ್ಚಿಸಿದರೆ ಎಲ್ಲ ಸರಿಹೋಗುತ್ತೆ, ಅಲ್ವಾ ಮಾವ?" ಅಂದೆಯಲ್ಲ, ಅದಕ್ಕೆ ಉತ್ತರ ಬಾಕಿ ಉಳಿದಿದೆ.

ಲೆಕ್ಕ ಹಾಕೋಣ. ಬೆಂಗಳೂರಿನಿಂದ ಜೋಲಾರ್‌ಪೇಟೆ, ಕಾಟ್ಪಾಡಿ, ಅರಕ್ಕೋಣಂ ಮೇಲೆ ಚೆನ್ನೈ ಬಂದರಿಗೆ ಸುಮಾರು 350 ಕಿ.ಮೀ. ಎಲ್ಲೂ ನಿಲ್ಲದೆ ಗಂಟೆಗೆ 75 ಕಿ.ಮೀ. ಓಡಿದರೆ 4 ಗಂಟೆ 40 ನಿಮಿಷ. 100 ಕಿ.ಮೀ. ಓಡಿದರೆ ಮೂರೂವರೆ ಗಂಟೆ. ಉಳಿದದ್ದು 70 ನಿಮಿಷ. ಈ 70 ನಿಮಿಷಕ್ಕಾಗಿ ಹಳಿ, ಸಿಗ್ನಲ್, ಎಂಜಿನ್ ಎಲ್ಲದಕ್ಕೂ ಕೋಟಿಗಟ್ಟಲೆ ಸುರಿಯಬೇಕು. ಅಷ್ಟೇ ಹೊತ್ತು ಯಾರ್ಡಿನಲ್ಲಿ ಒಂದು ಕಾಗದಕ್ಕಾಗಿ ಕಾಯುತ್ತ ಕಳೆದುಹೋದರೆ ಯಾರೂ ಹುಬ್ಬೇರಿಸುವುದಿಲ್ಲ. ವ್ಯಾಗನ್ ತನ್ನ ಆಯುಷ್ಯದ ಬಹುಪಾಲು ಕಳೆಯುವುದು ನಿಂತುಕೊಂಡೇ. ನಿನ್ನ ಕೈಯಲ್ಲಿರುವುದು ಆ ನಿಂತ ಹೊತ್ತು. ಓಡುವ ಹೊತ್ತು ರೈಲ್ವೆಯವರದು.

ಕಂಟೈನರ್ ಹುಟ್ಟಿದ್ದೇ ಈ ಕಾರಣಕ್ಕೆ. ಅಮೆರಿಕದ ಮಾಲ್ಕಮ್ ಮೆಕ್ಲೀನ್ ಮೂಲತಃ ಲಾರಿ ಧಣಿ. 1956ರ ಏಪ್ರಿಲ್ 26ರಂದು ಆತ 58 ಡಬ್ಬಗಳನ್ನು 'ಐಡಿಯಲ್ ಎಕ್ಸ್' ಹಡಗಿನ ಮೇಲೆ ಹೇರಿ ನ್ಯೂವಾರ್ಕಿನಿಂದ ಹೂಸ್ಟನ್ನಿಗೆ ಕಳಿಸಿದ. ಹಡಗು ಹಳೆಯದು, ವೇಗವೇನೂ ಹೆಚ್ಚಲಿಲ್ಲ. ಹಡಗು ದಕ್ಕೆಯಲ್ಲಿ ಕಟ್ಟಿಹಾಕಿಸಿಕೊಂಡು ದಿನಗಟ್ಟಲೆ ಮೂಟೆ ಹೊರಿಸಿಕೊಳ್ಳುವುದು ತಪ್ಪಿತು, ಅಷ್ಟೆ. ಆ ಅಷ್ಟೇ ಲೋಕದ ವ್ಯಾಪಾರವನ್ನು ಬದಲಿಸಿತು.

ಈಗ ನಿನ್ನ ಯಾರ್ಡಿಗೆ ಬರೋಣ. ಒಂದು ರೇಕಿನಲ್ಲಿ ಸಾಲಾಗಿ ಜೋಡಿಸಿದ 45 ವ್ಯಾಗನ್, ಅಂದರೆ ಇಪ್ಪತ್ತಡಿಯ ಡಬ್ಬ 90. ಬಂದ 90 ಇಳಿಸಿ, ಹೋಗುವ 90 ಏರಿಸಬೇಕು. ಒಂದನ್ನು ಎತ್ತಿಡಲು ರೀಚ್ ಸ್ಟ್ಯಾಕರ್ ಯಂತ್ರಕ್ಕೆ ಮೂರು ನಿಮಿಷ ಅಂದುಕೊಂಡರೂ 540 ನಿಮಿಷ, ಒಂಬತ್ತು ಗಂಟೆ. ಎರಡು ಯಂತ್ರ ಹಚ್ಚಿದರೆ ನಾಲ್ಕೂವರೆ. ಇದು ಕಾಗದದ ಮೇಲಿನ ಲೆಕ್ಕ. ಎತ್ತಿದ ಡಬ್ಬ ಇಡಲು ಟ್ರೈಲರ್ ಇರಬೇಕು, ಇಲ್ಲದಿದ್ದರೆ ಯಂತ್ರ ಡಬ್ಬವನ್ನು ಗಾಳಿಯಲ್ಲಿ ಹಿಡಿದು ನಿಲ್ಲುತ್ತದೆ. ಏರಿಸಬೇಕಾದ ಡಬ್ಬ ರಾಶಿಯ ತಳದಲ್ಲಿದ್ದರೆ ಮೇಲಿನ ಮೂರನ್ನು ಸರಿಸಬೇಕು. ಆ ಮೂರು ಎತ್ತುವಿಕೆಗೆ ಯಾವ ಗಿರಾಕಿಯೂ ಕಾಸು ಕೊಡುವುದಿಲ್ಲ. ಇಂಥ ವ್ಯರ್ಥ ಎತ್ತುವಿಕೆ ಒಂದು ಯಂತ್ರಕ್ಕೆ 23 ಆದರೆ ಮುಗಿಯಿತು, ಮೇಲೆ ಹೇಳಿದ 70 ನಿಮಿಷ ಅಲ್ಲೇ ಕರಗಿತು.

ಆದ್ದರಿಂದ ಡಬ್ಬ ಗೇಟಿಗೆ ಬಂದಾಗಲೇ ಯಾವ ಹಡಗಿಗೆ, ಎಷ್ಟು ತೂಕ, ಯಾವ ರೇಕಿಗೆ ಅಂತ ಕೇಳಿ ಜಾಗ ಕೊಡು. ಖಾಲಿ ಇರುವ ಕಡೆ ಇಡಿಸಿ, ಆಮೇಲೆ ನೋಡಿಕೊಳ್ಳೋಣ ಅನ್ನುವವರು ಎಲ್ಲ ಪಾಳಿಯಲ್ಲೂ ಇರುತ್ತಾರೆ. ಅವರು ಒಳ್ಳೆಯವರೇ, ಆದರೆ 'ಆಮೇಲೆ' ಬರುವುದು ಮುಂದಿನ ಪಾಳಿಯವರ ಪಾಲಿಗೆ. ತೂಕದ ವಿಷಯದಲ್ಲಿ ಈಗ ನಿಮಗೆ ಅನುಕೂಲವಿದೆ. 2016ರ ಜುಲೈ 1ರಿಂದ ಹಡಗು ಹತ್ತುವ ತುಂಬಿದ ಡಬ್ಬದ ನಿಜ ತೂಕ ಘೋಷಿಸಲೇಬೇಕೆಂಬ ಅಂತರರಾಷ್ಟ್ರೀಯ ನಿಯಮವಿದೆ. ಆ ಅಂಕಿಯನ್ನು ಫೈಲಿಗೆ ಸೇರಿಸಿ ಸುಮ್ಮನಾಗಬೇಡ. ರೈಲ್ವೆಯ ಸಾಗಣೆ ದರ ತೂಕದ ಹಂತಗಳ ಮೇಲೆಯೇ ನಿಂತಿದೆ.

ಇನ್ನು ವಿದ್ಯುತ್ ತಂತಿ. ರೀಚ್ ಸ್ಟ್ಯಾಕರ್ ಮೇಲಿನಿಂದ ಎತ್ತುವುದರಿಂದ ಡಬ್ಬ ಇಳಿಸುವ ಹಳಿಯ ಮೇಲೆ ತಂತಿ ಇರುವಂತಿಲ್ಲ. ವಿದ್ಯುತ್ ಎಂಜಿನ್ ಒಳಗೆ ಬಾರದು, ಡೀಸೆಲ್ ಎಂಜಿನ್ ಬಂದು ತಳ್ಳಬೇಕು, ಇಲ್ಲವೇ ತಂತಿಯ ಕೊನೆಯಲ್ಲಿ ನಿಂತು ಹಿಂದಿನಿಂದ ನೂಕಬೇಕು. ಬರುವಾಗ ಒಮ್ಮೆ, ಹೋಗುವಾಗ ಒಮ್ಮೆ. ಕೊನೆಯ ಡಬ್ಬ ಏರುವ ಮೊದಲೇ ಕಂಟ್ರೋಲ್ ಆಫೀಸಿಗೆ ಫೋನು ಹೋಗಿರಬೇಕು. ಎಲ್ಲ ಮುಗಿದ ಮೇಲೆ ಎಂಜಿನ್ ಕೇಳಿದರೆ ಎಂಜಿನ್ ಬರುವ ಹೊತ್ತಿಗೆ ಲೋಕೊ ಪೈಲಟ್‌ನ ಡ್ಯೂಟಿ ಗಂಟೆ ಮುಗಿದಿರುತ್ತದೆ. ಅವನು ಬಂದರೆ ಗಾರ್ಡ್ ಇಲ್ಲ. ಈಗ ಅವರನ್ನು ಟ್ರೈನ್ ಮ್ಯಾನೇಜರ್ ಅನ್ನಬೇಕಂತೆ, ನನ್ನ ಬಾಯಿಗೆ ಇನ್ನೂ ಗಾರ್ಡೇ ಬರುತ್ತದೆ. ವ್ಯಾಗನ್ ತಪಾಸಣೆ ಮಾಡುವ ಟಿ.ಎಕ್ಸ್.ಆರ್. ನೋಡಬೇಕಾದ ರೇಕಾದರೆ ಅವರಿಗೂ ಮೊದಲೇ ತಿಳಿಸು. ಮದುವೆ ಮನೆಯಲ್ಲಿ ಅಡುಗೆ, ಪುರೋಹಿತ, ವಾಲಗ ಒಂದಾದ ಮೇಲೊಂದಕ್ಕೆ ಹೇಳಿಕಳಿಸುವುದುಂಟೆ?

ಪಶ್ಚಿಮದ ಸರಕು ಕಾರಿಡಾರಿನಲ್ಲಿ ಡಬ್ಬದ ಮೇಲೆ ಡಬ್ಬ ಪೇರಿಸಿ ಓಡಿಸುವುದನ್ನು ನೀನು ವಿಡಿಯೊದಲ್ಲಿ ನೋಡಿದ್ದೀಯ. ಚೆನ್ನಾಗಿದೆ. 2021ರ ಜನವರಿ 7ರಂದು ಅಲ್ಲಿ ಒಂದೂವರೆ ಕಿಲೋಮೀಟರ್ ಉದ್ದದ ಅಂಥ ರೈಲೇ ಓಡಿತು. ಅಲ್ಲಿ ತಂತಿ ಏಳೂವರೆ ಮೀಟರ್ ಎತ್ತರದಲ್ಲಿದೆ. ನಮ್ಮ ದಾರಿಯಲ್ಲಿ ಐದೂವರೆಯ ಆಸುಪಾಸು. ವ್ಯಾಗನ್ನಿನ ಹಾಸು ಒಂದು ಮೀಟರ್, ಅದರ ಮೇಲೆ ಎರಡು ಡಬ್ಬ ಇಟ್ಟರೆ ಆರು ಮೀಟರ್ ದಾಟಿತು. ನಮಗಿನ್ನೂ ಅದು ದೂರದ ಮಾತು, ಅದನ್ನು ಪ್ರೆಸೆಂಟೇಶನ್ನಿಗೆ ಬಿಡು.

ಖಾಲಿ ಡಬ್ಬಗಳ ಗೋಳು ಬೇರೆಯೇ. ನಮ್ಮ ಗ್ರಾನೈಟು ಜಾಗ ತುಂಬುವ ಮೊದಲೇ ತೂಕ ತುಂಬುವ ಸರಕು, ಅದಕ್ಕೆ ಇಪ್ಪತ್ತಡಿಯದೇ ಬೇಕು. ಕಾಫಿಯೂ ಹಾಗೆಯೇ, 60 ಕೆ.ಜಿ.ಯ 320 ಚೀಲಕ್ಕೆ ಒಂದು ಇಪ್ಪತ್ತಡಿ ಸಾಕು. ಬೃಹತ್ ಯಂತ್ರಗಳು, ಹಗುರ ಸರಕು ಒಳಬರುವುದು ನಲವತ್ತಡಿಯಲ್ಲಿ. ಹೀಗಾಗಿ ಬೇಡದ ಡಬ್ಬ ಖಾಲಿ ಹೋಗುತ್ತದೆ, ಬೇಕಾದದ್ದು ಖಾಲಿ ಬರುತ್ತದೆ, ಎರಡಕ್ಕೂ ರೈಲ್ವೆಗೆ ಹಣ ಕಟ್ಟಬೇಕು. ಹಡಗು ಕಂಪನಿಗಳ ಏಜೆಂಟರ ಜೊತೆ ಕೂತು, ಯಾರ ಖಾಲಿ ಯಾರಿಗೆ ಬೇಕು ಅಂತ ವಾರಕ್ಕೊಮ್ಮೆ ಕೇಳು. ಅವರು ಒಬ್ಬರಿಗೊಬ್ಬರು ಹೇಳಿಕೊಳ್ಳುವುದಿಲ್ಲ, ನಿನಗೆ ಹೇಳುತ್ತಾರೆ.

ರೇಕು ಪೂರ್ತಿ ತುಂಬುವವರೆಗೆ ಕಾಯಬೇಕೆ, ಹೇಳಿದ ಹೊತ್ತಿಗೆ ಬಿಡಬೇಕೆ ಅನ್ನುವ ಜಗಳ ನಿನ್ನ ಮುಂದೆಯೂ ಬರುತ್ತದೆ. ಲೆಕ್ಕಪತ್ರದವರು ಕಾಯಿ ಅನ್ನುತ್ತಾರೆ, ಅವರ ಮಾತಿನಲ್ಲಿ ಹುರುಳಿಲ್ಲ ಅನ್ನಲಾರೆ. ಖಾಲಿ ವ್ಯಾಗನ್ ಪುಕ್ಕಟೆ ಹೋಗುವುದಿಲ್ಲ. ಆದರೂ ನನ್ನ ಮತ ಬಿಡುವ ಕಡೆಗೇ. ಬಂದರಿನಲ್ಲಿ ಹಡಗಿನ ಗೇಟು ಮುಚ್ಚುವ ಹೊತ್ತು ನಿಗದಿಯಾಗಿರುತ್ತದೆ. ನಾಲ್ಕು ಡಬ್ಬಕ್ಕಾಗಿ ಕಾದು ಎಂಬತ್ತಾರು ಡಬ್ಬದ ಹಡಗು ತಪ್ಪಿಸಿದರೆ ಆ ಎಂಬತ್ತಾರು ಡಬ್ಬದ ಗಿರಾಕಿಗಳು ಮುಂದಿನ ವಾರ ರಸ್ತೆ ಹಿಡಿಯುತ್ತಾರೆ.

ಇನ್ನೊಂದು, ಸರಾಸರಿಯನ್ನು ನಂಬಬೇಡ. ಡಬ್ಬ ಸರಾಸರಿ ಮೂರು ದಿನ ಯಾರ್ಡಿನಲ್ಲಿರುತ್ತದೆ ಅಂತ ನಿನ್ನ ಗ್ರಾಫು ಹೇಳಿದರೆ, ಹದಿನೈದು ದಿನದಿಂದ ಮೂಲೆಯಲ್ಲಿ ಬಿದ್ದಿರುವುದು ಯಾವುದು ಅಂತ ಹುಡುಕು. ರಾತ್ರಿ ಪಾಳಿಗೂ ಹೋಗು. ರೇಕು ಹಳಿಗೆ ಬಂದದ್ದು, ಮೊದಲ ಡಬ್ಬ ಎತ್ತಿದ್ದು, ಕೊನೆಯದು ಏರಿದ್ದು, ಎಂಜಿನ್ ಕೊಂಡಿ ಹಾಕಿದ್ದು, ಗಾಡಿ ಹೊರಟದ್ದು, ಈ ಐದು ಹೊತ್ತನ್ನು ನೀನೇ ಗಡಿಯಾರ ನೋಡಿ ಬರೆದುಕೋ. ಕಂಪ್ಯೂಟರಿನಲ್ಲಿರುವುದು ಪಾಳಿ ಮುಗಿಯುವಾಗ ಯಾರೋ ನೆನಪಿನಿಂದ ತುಂಬಿದ ಹೊತ್ತೂ ಆಗಿರಬಹುದು.

ದೇಶದ ಮೊದಲ ಒಳನಾಡು ಕಂಟೈನರ್ ಡಿಪೊ 1981ರಲ್ಲಿ ಶುರುವಾದದ್ದು ನಮ್ಮ ಬೆಂಗಳೂರಿನಲ್ಲೇ. ಕಸ್ಟಮ್ಸ್ ಇಲ್ಲೇ ಮುಗಿಸಿ, ಸೀಲು ಹಾಕಿ, ನೇರ ಬಂದರಿಗೆ ಕಳಿಸುವ ಏರ್ಪಾಡು ಅದು. ಹಾಗಿದ್ದರೂ ಇಂದಿಗೂ ಸಂಜೆ ಪೀಣ್ಯದಲ್ಲಿ ಡಬ್ಬ ಹೇರಿದ ಟ್ರೈಲರ್ ಬೆಳಗಾಗುವಷ್ಟರಲ್ಲಿ ಚೆನ್ನೈ ಸೇರಬಲ್ಲದು. ದೂರ ಇಷ್ಟು ಕಡಿಮೆ ಇದ್ದಾಗ ರೈಲು ಗೆಲ್ಲುವುದೋ ಸೋಲುವುದೋ ನಿನ್ನ ಗೇಟಿನಲ್ಲಿ. ಟ್ರೈಲರ್ ಡ್ರೈವರುಗಳಿಗೆ ಟ್ರಿಪ್ಪಿನ ಲೆಕ್ಕದಲ್ಲಿ ದುಡ್ಡು. ಒಳಗೆ ಬಂದವನನ್ನು ಒಂದು ಗಂಟೆಯೊಳಗೆ ಹೊರಗೆ ಕಳಿಸು. ಆರು ಗಂಟೆ ಕೂರಿಸಿದರೆ ಅವನು ಮಾಲೀಕನಿಗೆ ಹೇಳುತ್ತಾನೆ, ಮಾಲೀಕ ಮುಂದಿನ ಸಲ ಡಿಪೊ ಕಡೆ ಗಾಡಿ ತಿರುಗಿಸದೆ ಹೊಸೂರು ದಾರಿ ಹಿಡಿಸುತ್ತಾನೆ.