ಸಂತಾಪ ಸೂಚನೆ: ಅಣಕು ಸದನದ ಒಂದು ಪಾಠ

ಬೋಧನಾಭ್ಯಾಸದ ಎರಡನೆಯ ವಾರ ಒಂಬತ್ತನೆಯ ತರಗತಿಯ ‘ರಾಜ್ಯ ಸರ್ಕಾರ’ ಘಟಕ ನನ್ನ ಪಾಲಿಗೆ ಬಂತು. ವಿಧಾನಸಭೆಗೆ 224 ಸದಸ್ಯರು, ವಿಧಾನ ಪರಿಷತ್ತಿಗೆ 75 ಸದಸ್ಯರು, ಸಭಾಧ್ಯಕ್ಷರ ಕರ್ತವ್ಯಗಳು ಎಂದು ಹಲಗೆಯ ಮೇಲೆ ಬರೆದು ಮುಗಿಸಬಹುದಿತ್ತು. ಸದನ ನಡೆಯುವ ರೀತಿ ಮಕ್ಕಳ ಕಣ್ಣಿಗೆ ಕಟ್ಟಲಿ ಎಂದು ಅಣಕು ಸದನ ಮಾಡಿಸಲು ನಿರ್ಧರಿಸಿದೆ. ಮಸೂದೆಯ ಚರ್ಚೆ ನಲವತ್ತು ನಿಮಿಷದಲ್ಲಿ ಮುಗಿಯುವಂಥದ್ದಲ್ಲ. ಸಂತಾಪ ಸೂಚನೆ ಚಿಕ್ಕದು, ಅದನ್ನೇ ಆರಿಸಿಕೊಂಡೆ.

ನಮ್ಮ ವಿಧಾನಸಭೆಯಲ್ಲಿ ಅಗಲಿದ ಗಣ್ಯರ ಬಗ್ಗೆ ಸಭಾಧ್ಯಕ್ಷರು ಸೂಚನೆ ಮಂಡಿಸುತ್ತಾರೆ. ಹುಟ್ಟಿದ ಊರು, ಓದು, ವಹಿಸಿದ ಹುದ್ದೆಗಳು, ಮಾಡಿದ ಸೇವೆ ಅದರಲ್ಲಿರುತ್ತವೆ. ಮುಖ್ಯಮಂತ್ರಿ, ವಿರೋಧ ಪಕ್ಷದ ನಾಯಕರು ಮತ್ತು ಇತರರು ಬೆಂಬಲಿಸಿ ಮಾತನಾಡುತ್ತಾರೆ. ಆಮೇಲೆ ಎಲ್ಲರೂ ಎದ್ದು ನಿಂತು ಮೌನ ಆಚರಿಸುತ್ತಾರೆ. ಸದನದ ಸಂತಾಪವನ್ನು ಮೃತರ ಕುಟುಂಬಕ್ಕೆ ತಲುಪಿಸಲಾಗುತ್ತದೆ.

ಉದಾಹರಣೆಗೆ ಎಸ್. ಎಂ. ಕೃಷ್ಣ ಅವರನ್ನು ತೆಗೆದುಕೊಂಡೆ. 2024ರ ಡಿಸೆಂಬರ್ 10ರಂದು ಅವರು ನಿಧನರಾದಾಗ ಬೆಳಗಾವಿಯಲ್ಲಿ ಅಧಿವೇಶನ ನಡೆಯುತ್ತಿತ್ತು. ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯಲ್ಲಿ 1932ರಲ್ಲಿ ಹುಟ್ಟಿದವರು. 1962ರಲ್ಲಿ ಮೊದಲ ಬಾರಿಗೆ ಶಾಸಕರು. 1999ರಿಂದ 2004ರವರೆಗೆ ಮುಖ್ಯಮಂತ್ರಿ. ಬಳಿಕ ಮಹಾರಾಷ್ಟ್ರದ ರಾಜ್ಯಪಾಲ, ಕೇಂದ್ರದ ವಿದೇಶಾಂಗ ಸಚಿವ. 1989ರ ಚುನಾವಣೆಯ ನಂತರ ಇದೇ ವಿಧಾನಸಭೆಯ ಸಭಾಧ್ಯಕ್ಷರೂ ಆಗಿದ್ದರು. ಆಗ ಇಂಥ ಎಷ್ಟೋ ಸೂಚನೆಗಳನ್ನು ಅವರೇ ಓದಿರಬೇಕು. ಇಷ್ಟನ್ನು ಸೇರಿಸಿ ಒಂದು ಪುಟದ ಮಾದರಿ ನಾನೇ ಬರೆದುಕೊಂಡೆ. ಮಕ್ಕಳಿಗೆ ಹತ್ತಿರವಾಗಲೆಂದು, ಶಾಲೆಯ ಬಿಸಿಯೂಟದ ‘ಅಕ್ಷರ ದಾಸೋಹ’ ಅವರ ಕಾಲದಲ್ಲಿ, 2002ರಲ್ಲಿ, ಮೊದಲು ನಮ್ಮದೂ ಸೇರಿ ಏಳು ಜಿಲ್ಲೆಗಳಲ್ಲಿ ಶುರುವಾಯಿತು ಎಂಬ ಸಾಲನ್ನೂ ಸೇರಿಸಿದೆ.

ಮುಖ್ಯಮಂತ್ರಿಯ ಪಾತ್ರದ ಹುಡುಗಿ ಚೆನ್ನಾಗಿ ಮಾತನಾಡಿದಳು. ವಿರೋಧ ಪಕ್ಷದ ನಾಯಕ ಎದ್ದವನೇ “ಅಧ್ಯಕ್ಷರs, ನಾ ಇದನ್ನ ವಿರೋಧಿಸ್ತೀನಿ” ಅಂದ. ತರಗತಿ ಗೊಳ್ಳೆಂದು ನಕ್ಕಿತು. ಇದಕ್ಕೆ ವಿರೋಧ ಇರುವುದಿಲ್ಲ ಎಂದೆ. “ಹಂಗಾದ್ರ ಬರೇ ಚಲೋದs ಹೇಳಬೇಕೇನ್ರಿ ಮೇಡಂ?” ಎಂದು ಕೇಳಿದ.

ಪಾಠ ಯೋಜನೆಯಲ್ಲಿ ಈ ಪ್ರಶ್ನೆ ಇರಲಿಲ್ಲ. ಟೀಕಿಸಲು ಸದನದಲ್ಲಿ ಬೇರೆ ಸಮಯವಿದೆ, ಇದು ದುಃಖ ಹಂಚಿಕೊಳ್ಳುವ ಹೊತ್ತು ಎಂದೆ. ಜೊತೆಗೆ, ಸೂಚನೆ ಒಬ್ಬರ ಹೆಸರಿಗೆ ಬರೆದದ್ದರಿಂದ ಉಳಿದವರು ಅದರಲ್ಲಿ ಕಾಣುವುದಿಲ್ಲ ಎಂಬುದನ್ನೂ ಹೇಳಬೇಕಾಯಿತು. ಬಿಸಿಯೂಟವನ್ನೇ ನೋಡಿ: ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಬೇಕೆಂದು 2001ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಆದೇಶಿಸಿತ್ತು. ನನ್ನ ಪುಟದಲ್ಲಿ ಆ ಮಾತೇ ಇರಲಿಲ್ಲ.

ಆಗ ಎರಡನೆಯ ಬೆಂಚಿನ ಹುಡುಗಿ ಎದ್ದಳು. “ನಮ್ಮ ಶಾಲ್ಯಾಗ ಅಡಿಗಿ ಮಾಡೋ ಅವ್ವ ಹೋದ ವರ್ಷ ತೀರಿಕೊಂಡಾಗ ಯಾರೂ ಹಿಂಗ ಎದ್ದು ನಿಂತಿರಲಿಲ್ಲಲ್ರಿ.”

ಯಾರೂ ನಗಲಿಲ್ಲ. ನನಗೆ ಖುಷಿಯಾಯಿತು, ಅದನ್ನು ಒಪ್ಪಿಕೊಳ್ಳಬೇಕು. ಪಾಠ ಬದುಕಿಗೆ ಕೂಡಿತು ಎಂದುಕೊಂಡು ಅಲ್ಲೇ ಗೃಹಪಾಠ ಕೊಟ್ಟೆ: ಆ ಅವ್ವನ ಬಗ್ಗೆ ವಿವರ ಸಂಗ್ರಹಿಸಿ ಸಂತಾಪ ಸೂಚನೆ ಬರೆಯಿರಿ.

ಅವಧಿ ಮುಗಿದ ಮೇಲೆ ಆ ತರಗತಿಯ ಗುರುಗಳು ನನ್ನನ್ನು ಪಕ್ಕಕ್ಕೆ ಕರೆದರು. ಆ ಅವ್ವನ ಮೊಮ್ಮಗ ಹಿಂದಿನ ಬೆಂಚಿನಲ್ಲೇ ಇದ್ದ. ಇಡೀ ಹೊತ್ತು ತಲೆ ತಗ್ಗಿಸಿ ಕೂತವನನ್ನು ನಾನು ‘ಗಮನ ಕೊಡದ ವಿದ್ಯಾರ್ಥಿ’ ಎಂದು ಗುರುತು ಮಾಡಿಕೊಂಡಿದ್ದೆ. ನಮ್ಮ ಮಾರ್ಗದರ್ಶಕರು ವೀಕ್ಷಣಾ ಪುಸ್ತಕದಲ್ಲಿ ಬರೆದದ್ದು ಒಂದೇ ಸಾಲು: “ಆ ಮಗುವನ್ನು ಕೇಳಿದಿರಾ?”

ಮಧ್ಯಾಹ್ನ ಊಟದ ಹೊತ್ತಿಗೆ ಅವನ ಹತ್ತಿರ ಹೋಗಿ, ನಿನಗೆ ಬೇಡವಾದರೆ ಈ ಗೃಹಪಾಠ ಬಿಟ್ಟುಬಿಡೋಣ ಎಂದೆ. ಅವನು ತಟ್ಟೆ ನೋಡುತ್ತ, “ಬರೀಲಿ ಬಿಡ್ರಿ. ನಾ ಬರಿಯಂಗಿಲ್ಲ” ಅಂದ. ಅವನಿಗೆ ಬೇರೆ ಕೆಲಸ ಕೊಟ್ಟೆ.

ಮರುದಿನ ಬಂದ ಬರಹಗಳಲ್ಲಿ ಮೊದಲ ಸಾಲೇ ಎಲ್ಲರಿಗೂ ತೊಡಕಾಗಿತ್ತು. ಅವ್ವ ಹುಟ್ಟಿದ ದಿನಾಂಕ ಯಾರಿಗೂ ಗೊತ್ತಿರಲಿಲ್ಲ. ಕೆಲಸಕ್ಕೆ ಸೇರಿದ್ದು ಯಾವಾಗ ಎಂದು ಇಬ್ಬರು ಮುಖ್ಯ ಗುರುಗಳ ಕೊಠಡಿಗೆ ಹೋಗಿ ಕೇಳಿ ಬಂದಿದ್ದರು. ಒಬ್ಬಳು ಹುದ್ದೆಗಳ ಜಾಗದಲ್ಲಿ ಬರೆದಿದ್ದಳು: ಮಳೆ ಬಂದು ಕಟ್ಟಿಗೆ ನೆಂದ ದಿನವೂ ಊಟ ತಡವಾಗಿರಲಿಲ್ಲ. ಇನ್ನೊಬ್ಬ, ಸಾರಿಗೆ ಉಪ್ಪು ಹೆಚ್ಚಾಯಿತೆಂದರೆ ಅವ್ವ ಬೈಯುತ್ತಿದ್ದಳು ಎಂದು ಬರೆದು ಹೊಡೆದುಹಾಕಿ, ಕೆಳಗೆ ಮತ್ತೆ ಅದನ್ನೇ ಬರೆದಿದ್ದ. ವಿವರಗಳನ್ನೆಲ್ಲ ಕೂಡಿಸಿ ಒಂದು ಪುಟ ಮಾಡಿದೆವು. ಉಪ್ಪಿನ ಮಾತು ಇರಬೇಕೋ ಬೇಡವೋ ಎಂದು ಹತ್ತು ನಿಮಿಷ ವಾದವಾಯಿತು. ವಿರೋಧ ಪಕ್ಷದ ನಾಯಕ ಅದರ ಪರವಾಗಿ ನಿಂತು ಗೆದ್ದ. ಓದಿ ಮುಗಿದ ಮೇಲೆ ಎಲ್ಲರೂ ಎದ್ದು ನಿಂತರು. ಮೊಮ್ಮಗನೂ ನಿಂತ.

ಗಂಟೆ ಹೊಡೆದಾಗ ಅವನು ಮೇಜಿನ ಬಳಿ ಬಂದು, “ಮನಿಗೆ ಕಳಸ್ತಾರ ಅಂದಿದ್ರಿ ನೀವು” ಅಂದ. ಪುಟವನ್ನು ಮಡಿಸಿ ಕೊಟ್ಟೆ. ಮೌಲ್ಯಮಾಪನದ ಪ್ರಶ್ನೆಗಳು ಆ ದಿನವೂ ಉಳಿದವು. ವಿಧಾನ ಪರಿಷತ್ತಿನ ರಚನೆಯನ್ನು ಮುಂದಿನ ಸೋಮವಾರ ನನ್ನ ಸಹಪಾಠಿ ಮುಗಿಸಿದಳು.